ರೇಸಿಂಗ್ ಗೇಮ್‌ಗಳ ಫೋಟೋ ಮೋಡ್‌ಗಳನ್ನು ಹೋಲಿಸುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

2004ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಗ್ರ್ಯಾನ್ ಟೂರಿಸ್ಮೋ 4 ಗೇಮಿನಲ್ಲಿ ಆಟಗಾರರು ತಮ್ಮ ಕಾರಿನ ಚಿತ್ರ ತೆಗೆದು ಅದನ್ನು ಯುಎಸ್‌ಬಿ ಡ್ರೈವಿನಲ್ಲಿ ಉಳಿಸಿಕೊಳ್ಳಬಹುದಿತ್ತು. ಹೊಂದಿಕೆಯಾಗುವ ಪ್ರಿಂಟರ್ ಇದ್ದವರು ಕಾಗದದ ಮೇಲೂ ಮುದ್ರಿಸಿಕೊಳ್ಳಬಹುದಿತ್ತು. ಆಗ ಅದು ವಿಶೇಷವಾಗಿತ್ತು. ಇಂದು ಫೋಟೋ ಮೋಡ್, ಅಂದರೆ ಆಟದೊಳಗೇ ಕ್ಯಾಮೆರಾ ಹಿಡಿದು ಚಿತ್ರ ತೆಗೆಯುವ ಸೌಲಭ್ಯ, ಇಲ್ಲದ ದೊಡ್ಡ ರೇಸಿಂಗ್ ಗೇಮ್ ಸಿಗುವುದೇ ಅಪರೂಪ. ಆದರೂ ಒಂದರ ಫೋಟೋ ಮೋಡನ್ನು ಇನ್ನೊಂದರ ಜೊತೆ ಹೋಲಿಸುವಾಗ ಹೆಚ್ಚಿನವರು ಎರಡೇ ಜಾಡು ಹಿಡಿಯುತ್ತಾರೆ. ಕೆಲವರು ಮೆನುವಿನಲ್ಲಿ ಎಷ್ಟು ಸ್ಲೈಡರ್‌ಗಳಿವೆ ಎಂದು ಎಣಿಸುತ್ತಾರೆ; ಇನ್ನು ಕೆಲವರು ಪ್ರತಿ ಗೇಮಿನಿಂದಲೂ ತಮ್ಮ ಕೈಗೆ ಸಿಕ್ಕ ಅತಿ ಸುಂದರ ಚಿತ್ರವನ್ನು ಅಕ್ಕಪಕ್ಕ ಇಡುತ್ತಾರೆ. ಮೊದಲನೆಯ ಕ್ರಮದಲ್ಲಿ ಮೆನುವಿನ ಉದ್ದವಷ್ಟೇ ಗೊತ್ತಾಗುತ್ತದೆ. ಎರಡನೆಯದರಲ್ಲಿ ಚಿತ್ರ ತೆಗೆದವರ ಕೈಚಳಕ ಮತ್ತು ಆ ಹೊತ್ತಿನ ಬೆಳಕು ಗೊತ್ತಾಗುತ್ತವೆಯೇ ಹೊರತು ಫೋಟೋ ಮೋಡಿನ ಗುಣ ಗೊತ್ತಾಗುವುದಿಲ್ಲ.

ಇಲ್ಲಿ ವಿವರಿಸುವ ವಿಧಾನ ಬೇರೆ. ಬೇಕಾದ ಚಿತ್ರ ಯಾವುದೆಂದು ಮೊದಲೇ ನಿಶ್ಚಯಿಸಿಕೊಂಡು, ಅದೇ ಚಿತ್ರವನ್ನು ಪ್ರತಿ ಗೇಮಿನಿಂದಲೂ ಕೇಳಬೇಕು. ಯಾವ ಗೇಮ್ ಎಷ್ಟು ಹತ್ತಿರ ತಂದುಕೊಟ್ಟಿತು, ಎಲ್ಲಿ ಅಡ್ಡಗಟ್ಟಿತು ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಹೀಗೆ ಮಾಡಿದಾಗ ಉದ್ದನೆಯ ಮೆನು ಇರುವ ಗೇಮ್ ಸೋಲುವುದೂ, ನಾಲ್ಕೇ ಆಯ್ಕೆಗಳಿರುವ ಗೇಮ್ ಗೆಲ್ಲುವುದೂ ಸಾಧ್ಯ.

ಮೊದಲು ಜಾತಿ ಗುರುತಿಸಿ

ಫೋಟೋ ಮೋಡ್ ಎಂಬ ಒಂದೇ ಹೆಸರಿನ ಅಡಿಯಲ್ಲಿ ಮೂರು ಬಗೆಯ ಸಾಧನಗಳು ಸೇರಿಕೊಂಡಿವೆ. ಇವುಗಳನ್ನು ಬೇರ್ಪಡಿಸದೆ ಹೋಲಿಕೆಗೆ ಇಳಿದರೆ ಮುಂದಿನ ಕೆಲಸವೆಲ್ಲ ವ್ಯರ್ಥ.

ಮೊದಲನೆಯದು ಓಡುತ್ತಿರುವ ಆಟವನ್ನು ಇದ್ದಲ್ಲೇ ನಿಲ್ಲಿಸಿ ಚಿತ್ರ ತೆಗೆಯುವ ಬಗೆ. 2021ರ ನವೆಂಬರಿನಲ್ಲಿ ಬಂದ, ಮೆಕ್ಸಿಕೋದಲ್ಲಿ ನಡೆಯುವ ಫೋರ್ಜಾ ಹೊರೈಜನ್ 5 ಇದಕ್ಕೆ ಒಳ್ಳೆಯ ಉದಾಹರಣೆ. ಕಂಟ್ರೋಲರಿನ ಒಂದು ಬಟನ್ ಒತ್ತಿದರೆ ಸಾಕು, ಕಾರು ನೆಗೆಯುತ್ತಿದ್ದರೂ ಜಾರುತ್ತಿದ್ದರೂ ಆ ಕ್ಷಣವೇ ಸ್ಥಿರವಾಗಿ ನಿಲ್ಲುತ್ತದೆ ಮತ್ತು ಕ್ಯಾಮೆರಾ ನಿಮ್ಮ ಕೈಗೆ ಬರುತ್ತದೆ. ಬೇಕಾದ ಕ್ಷಣ ತಪ್ಪಿಹೋದರೆ ಆಟದ ರಿವೈಂಡ್ ಸೌಲಭ್ಯ ಬಳಸಿ ಕೆಲವು ಸೆಕೆಂಡು ಹಿಂದಕ್ಕೆ ಹೋಗಿ ಮತ್ತೆ ಪ್ರಯತ್ನಿಸಬಹುದು, ಆದರೆ ಎರಡನೆಯ ಸಲ ನೀವು ಅದೇ ರೀತಿ ಓಡಿಸುತ್ತೀರಿ ಎಂಬ ಖಾತರಿ ಇರುವುದಿಲ್ಲ.

ಎರಡನೆಯದು ದಾಖಲಾದ ಓಟದ ಮೇಲೆ ಕೆಲಸ ಮಾಡುವ ಬಗೆ. 2022ರ ಮಾರ್ಚಿನಲ್ಲಿ ಬಂದ ಗ್ರ್ಯಾನ್ ಟೂರಿಸ್ಮೋ 7ರಲ್ಲಿ ರೇಸ್ ಮುಗಿದ ಮೇಲೆ ರೀಪ್ಲೇ ಉಳಿಸಿಕೊಂಡು, ಬೇಕಾದ ತಿರುವಿನಲ್ಲಿ ಬೇಕಾದ ಕಾರನ್ನು ಹಿಡಿದು ಚಿತ್ರ ತೆಗೆಯಬಹುದು. 2018ರ ದಿ ಕ್ರ್ಯೂ 2 ಗೇಮಿನ ಲೈವ್ ರೀಪ್ಲೇ ಇನ್ನೊಂದು ಹೆಜ್ಜೆ ಮುಂದಿದೆ: ಆಟದ ನಡುವೆಯೇ ಕಾಲವನ್ನು ಹಿಂದಕ್ಕೆ ಸರಿಸಿ, ಆಗಲೇ ದಾಟಿಬಂದ ಕ್ಷಣವನ್ನು ಆರಿಸಿಕೊಳ್ಳಬಹುದು. ಅದರ ಫೋಟೋ ಮೋಡಿನಲ್ಲಿ ಹಗಲಿನ ಹೊತ್ತನ್ನೂ ಹವಾಮಾನವನ್ನೂ ಬದಲಿಸಲು ಅವಕಾಶವಿದೆ.

ಮೂರನೆಯದು ಸ್ಟುಡಿಯೋ ಬಗೆ. 2017ರ ಗ್ರ್ಯಾನ್ ಟೂರಿಸ್ಮೋ ಸ್ಪೋರ್ಟ್ ತಂದ ಸ್ಕೇಪ್ಸ್ ಇದರ ಅತ್ಯಂತ ಬೆಳೆದ ರೂಪ. ಇಲ್ಲಿ ಹಿನ್ನೆಲೆಯಾಗಿ ಇರುವುದು ನಿಜ ಸ್ಥಳಗಳ ಛಾಯಾಚಿತ್ರ. ಅದರ ಜೊತೆಗೆ ಆ ಸ್ಥಳದ ಬೆಳಕಿನ ಪ್ರಮಾಣ ಮತ್ತು ಆಳದ ಮಾಹಿತಿಯೂ ಅಡಕವಾಗಿರುವುದರಿಂದ, ಅಲ್ಲಿ ತಂದಿಟ್ಟ ಕಾರಿನ ಮೇಲೆ ಆ ಜಾಗದ ಬೆಳಕೇ ಬೀಳುತ್ತದೆ. ಗ್ರ್ಯಾನ್ ಟೂರಿಸ್ಮೋ 7ರಲ್ಲಿ ಇಂಥ 2,500ಕ್ಕೂ ಹೆಚ್ಚು ಸ್ಥಳಗಳಿವೆ. ಆದರೆ ಹಿನ್ನೆಲೆ ಒಂದೇ ಬಿಂದುವಿನಿಂದ ತೆಗೆದ ಚಿತ್ರವಾದ್ದರಿಂದ ಕ್ಯಾಮೆರಾ ಆ ಬಿಂದುವನ್ನು ಬಿಟ್ಟು ಅಲುಗಾಡುವಂತಿಲ್ಲ. ಕಾರನ್ನು ಸರಿಸಬಹುದು, ಲೆನ್ಸ್ ಹಿಗ್ಗಿಸಬಹುದು, ಕುಗ್ಗಿಸಬಹುದು, ಅಷ್ಟೇ.

ಸ್ಕೇಪ್ಸ್‌ನಲ್ಲಿ ತೆಗೆದ ಚಿತ್ರವನ್ನು ಫೋರ್ಜಾದಲ್ಲಿ ಓಡುವಾಗ ಹಿಡಿದ ಚಿತ್ರದ ಪಕ್ಕದಲ್ಲಿಟ್ಟು ಯಾವುದು ನಿಜವೆನಿಸುತ್ತದೆ ಎಂದು ಕೇಳುವುದು ಅನ್ಯಾಯ, ಏಕೆಂದರೆ ಮೊದಲನೆಯದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ನಿಜವೇ. ಸ್ಟುಡಿಯೋವನ್ನು ಸ್ಟುಡಿಯೋದೊಡನೆ, ರಸ್ತೆಯನ್ನು ರಸ್ತೆಯೊಡನೆ ಹೋಲಿಸಿ.

ಪರಿಸ್ಥಿತಿಯನ್ನು ಸಮ ಮಾಡುವುದು

ಎಲ್ಲ ಗೇಮ್‌ಗಳಲ್ಲೂ ಇರುವ ಒಂದು ಕಾರನ್ನು ಆರಿಸಿಕೊಳ್ಳಿ. ನನ್ನ ಸಲಹೆ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಆರ್34. ಗ್ರ್ಯಾನ್ ಟೂರಿಸ್ಮೋ 7, ಫೋರ್ಜಾ ಹೊರೈಜನ್ 5, ನೀಡ್ ಫಾರ್ ಸ್ಪೀಡ್ ಅನ್‌ಬೌಂಡ್ ಮೂರರಲ್ಲೂ ಅದು ಸಿಗುತ್ತದೆ. ಅದರ ಉದ್ದ ಸುಮಾರು 4.6 ಮೀಟರ್, ಚಕ್ರದ ಸುತ್ತಳತೆ ಸುಮಾರು 2 ಮೀಟರ್. ಈ ಎರಡು ಅಳತೆಗಳು ಮುಂದೆ ಲೆಕ್ಕಕ್ಕೆ ಬರುತ್ತವೆ. ಅದರ ಮೈ ಚೌಕಾಕಾರವಾಗಿದ್ದು ಅಂಚುಗಳು ನೇರವಾಗಿರುವುದರಿಂದ ಲೆನ್ಸಿನ ವಕ್ರತೆ ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ಕಾರನ್ನು ಮಾರ್ಪಡಿಸದೆ, ಕಾರ್ಖಾನೆಯಿಂದ ಬಂದ ಚಕ್ರಗಳನ್ನೇ ಉಳಿಸಿಕೊಳ್ಳಿ.

ಬಣ್ಣದ ವಿಷಯದಲ್ಲಿ ಬೆಳ್ಳಿ ಅಥವಾ ಮಧ್ಯಮ ಬೂದು ಒಳ್ಳೆಯದು. ಕಪ್ಪು ಕಾರು ಪ್ರತಿಬಿಂಬಗಳನ್ನು ಮಾತ್ರ ತೋರಿಸುತ್ತದೆ, ಬಿಳಿ ಕಾರಿನಲ್ಲಿ ಪ್ರಖರ ಭಾಗಗಳು ಸುಟ್ಟಂತಾಗುತ್ತವೆ, ಕಡುಗೆಂಪು ಬಣ್ಣವನ್ನು ಒಂದೊಂದು ಗೇಮ್ ಒಂದೊಂದು ರೀತಿಯಲ್ಲಿ ಉಬ್ಬಿಸುತ್ತದೆ. ಬೂದು ಬಣ್ಣ ಮೈಯ ಆಕಾರವನ್ನೂ ಪ್ರತಿಬಿಂಬವನ್ನೂ ಬೆಳಕಿನ ಬಣ್ಣವನ್ನೂ ಒಟ್ಟಿಗೆ ಹೇಳುತ್ತದೆ.

ಬೆಳಕಿನ ವಿಷಯ ಇದಕ್ಕಿಂತ ಕಷ್ಟದ್ದು. ಸೂರ್ಯಾಸ್ತದ ಹೊಂಬೆಳಕಿನಲ್ಲಿ ಎಲ್ಲ ಗೇಮ್‌ಗಳೂ ಚೆನ್ನಾಗಿಯೇ ಕಾಣುತ್ತವೆ, ಆದ್ದರಿಂದ ಆ ಹೊತ್ತು ಹೋಲಿಕೆಗೆ ನಿರುಪಯುಕ್ತ. ಮೋಡ ಕವಿದ ನಡುಹಗಲು, ಬಿಸಿಲಿನ ನಡುಹಗಲು ಮತ್ತು ರಾತ್ರಿ, ಈ ಮೂರರಲ್ಲಿ ಕೆಲಸ ಮಾಡಿ. ಗ್ರ್ಯಾನ್ ಟೂರಿಸ್ಮೋ 7ರಲ್ಲಿ ಕಸ್ಟಮ್ ರೇಸ್ ಏರ್ಪಡಿಸುವಾಗ ಹೊತ್ತು ಮತ್ತು ಹವಾಮಾನವನ್ನು ಆರಿಸಬಹುದು. ಫೋರ್ಜಾ ಹೊರೈಜನ್ 5ರ ಮುಕ್ತ ಲೋಕದಲ್ಲಿ ಹೊತ್ತು ತಾನಾಗಿ ಸಾಗುತ್ತದೆ, ಋತು ವಾರಕ್ಕೊಮ್ಮೆ ಬದಲಾಗುತ್ತದೆ. ಅಲ್ಲಿ ಕಾಯುವುದೇ ದಾರಿ. ಬೆಳಕಿಗಾಗಿ ಕಾಯಬೇಕಾಗಿ ಬಂದುದನ್ನೂ ಟಿಪ್ಪಣಿಯಲ್ಲಿ ಬರೆದುಕೊಳ್ಳಿ, ಅದೂ ಫೋಟೋ ಮೋಡಿನ ಒಂದು ಗುಣವೇ.

ಇನ್ನು ಪರದೆ. ಎಚ್‌ಡಿಆರ್ ಎಂದರೆ ಪ್ರಖರ ಮತ್ತು ಕತ್ತಲೆಯ ಭಾಗಗಳನ್ನು ಸಾಧಾರಣ ಪರದೆಗಿಂತ ಹೆಚ್ಚು ವಿಸ್ತಾರವಾಗಿ ತೋರಿಸುವ ವಿಧಾನ. ಎಚ್‌ಡಿಆರ್ ಚಾಲೂ ಇದ್ದಾಗ ತೆಗೆದ ಸ್ಕ್ರೀನ್‌ಶಾಟ್ ಸಾಧಾರಣ ಪರದೆಯಲ್ಲಿ ಪೇಲವವಾಗಿಯೋ ಸುಟ್ಟಂತೆಯೋ ಕಾಣಬಹುದು, ಮತ್ತು ಅದು ಗೇಮಿನ ತಪ್ಪಲ್ಲ. ಆದ್ದರಿಂದ ಹೋಲಿಕೆ ಮುಗಿಯುವವರೆಗೆ ಎಲ್ಲ ಕಡೆಯೂ ಎಚ್‌ಡಿಆರ್ ಬಂದ್ ಮಾಡಿಡಿ. ಗೇಮಿನಲ್ಲಿ ಗುಣಮಟ್ಟಕ್ಕೆ ಅಥವಾ ವೇಗಕ್ಕೆ ಆದ್ಯತೆ ಕೊಡುವ ಆಯ್ಕೆ ಇದ್ದರೆ ಗುಣಮಟ್ಟವನ್ನೇ ಆರಿಸಿ. ಆಟದ ಸೆಟ್ಟಿಂಗ್‌ಗಳಲ್ಲಿರುವ ಮೋಷನ್ ಬ್ಲರ್ (ಚಲನೆಯ ಮಸುಕು), ಫಿಲ್ಮ್ ಗ್ರೇನ್ (ಹಳೆಯ ಫಿಲ್ಮಿನಂಥ ಕಾಳುಕಾಳು), ವಿನ್ಯೆಟ್ (ಚಿತ್ರದ ಮೂಲೆಗಳನ್ನು ಕಪ್ಪಾಗಿಸುವುದು) ಇತ್ಯಾದಿಗಳನ್ನೂ ಒಮ್ಮೆ ನೋಡಿಕೊಳ್ಳಿ. ಕೆಲವು ಗೇಮ್‌ಗಳಲ್ಲಿ ಇವು ಫೋಟೋ ಮೋಡಿನೊಳಕ್ಕೂ ಸದ್ದಿಲ್ಲದೆ ಹಿಂಬಾಲಿಸುತ್ತವೆ. ಕಂಪ್ಯೂಟರಿನಲ್ಲಿ ಆಡುವವರಾದರೆ ಗೇಮಿಗೆ ಹೊರಗಿನವರು ಮಾಡಿದ ಮಾರ್ಪಾಡುಗಳನ್ನು, ಅಂದರೆ ಮಾಡ್‌ಗಳನ್ನು ಬೇರೆಯಾಗಿ ಲೆಕ್ಕ ಹಿಡಿಯಿರಿ. ಕಸ್ಟಮ್ ಶೇಡರ್ಸ್ ಪ್ಯಾಚ್ ಹಾಕಿದ ಅಸೆಟ್ಟೋ ಕೋರ್ಸಾಕ್ಕೂ 2014ರಲ್ಲಿ ಬಂದ ಮೂಲ ಅಸೆಟ್ಟೋ ಕೋರ್ಸಾಕ್ಕೂ ಬೆಳಕಿನಲ್ಲಿ ಅಜಗಜಾಂತರ ವ್ಯತ್ಯಾಸವಿದೆ.

ಮೊದಲ ಚಿತ್ರ: ನಿಂತ ಕಾರು, ದೂರದಿಂದ ಮತ್ತು ಹತ್ತಿರದಿಂದ

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಮುಂಭಾಗ ಮತ್ತು ಒಂದು ಪಕ್ಕ ಎರಡೂ ಕಾಣುವ ಮೂಲೆಯ ಕೋನದಿಂದ, ಕಾರು ಚೌಕಟ್ಟಿನ ಅಗಲದ ಬಹುಪಾಲನ್ನು ತುಂಬುವಂತೆ, ಎರಡು ಚಿತ್ರ ತೆಗೆಯಿರಿ: ಒಂದು ಆದಷ್ಟು ಹತ್ತಿರದಿಂದ, ಹೆಚ್ಚು ನೋಟವನ್ನು ಒಳಗೊಳ್ಳುವ ಅಗಲ ಲೆನ್ಸಿನಲ್ಲಿ (ಕಡಿಮೆ ಮಿ.ಮೀ.), ಇನ್ನೊಂದು ಆದಷ್ಟು ದೂರದಿಂದ, ದೂರದ್ದನ್ನು ಹತ್ತಿರ ತರುವ ಉದ್ದ ಲೆನ್ಸಿನಲ್ಲಿ (ಹೆಚ್ಚು ಮಿ.ಮೀ.).

ಈ ಜೋಡಿಯಿಂದ ತಿಳಿಯುವ ಸಂಗತಿಗಳು ಹಲವು. ಚಿತ್ರದಲ್ಲಿನ ಪರ್ಸ್ಪೆಕ್ಟಿವ್, ಅಂದರೆ ಹತ್ತಿರದ ಚಕ್ರ ದೊಡ್ಡದಾಗಿ, ದೂರದ ಚಕ್ರ ಚಿಕ್ಕದಾಗಿ ಕಾಣುವ ಪ್ರಮಾಣ, ಲೆನ್ಸನ್ನು ಅವಲಂಬಿಸಿಲ್ಲ. ಕ್ಯಾಮೆರಾ ಎಷ್ಟು ದೂರದಲ್ಲಿದೆ ಎಂಬುದನ್ನು ಅವಲಂಬಿಸಿದೆ. ಲೆನ್ಸ್ ಆ ದೂರದಿಂದ ಎಷ್ಟು ಭಾಗವನ್ನು ಕತ್ತರಿಸಿ ಕೊಡಬೇಕೆಂದು ಮಾತ್ರ ತೀರ್ಮಾನಿಸುತ್ತದೆ. 36 ಮಿ.ಮೀ. ಅಗಲದ ಫುಲ್ ಫ್ರೇಮ್ ಸೆನ್ಸರ್ ಇಟ್ಟುಕೊಂಡು ಲೆಕ್ಕ ಹಾಕಿದರೆ, 4.6 ಮೀಟರ್ ಉದ್ದದ ಕಾರಿನ ಪಕ್ಕದ ನೋಟ ಚೌಕಟ್ಟನ್ನು ಪೂರ್ತಿ ತುಂಬಲು 24 ಮಿ.ಮೀ. ಲೆನ್ಸಿಗೆ ಸುಮಾರು 3 ಮೀಟರ್, 50 ಮಿ.ಮೀ. ಲೆನ್ಸಿಗೆ ಸುಮಾರು 6.4 ಮೀಟರ್, 200 ಮಿ.ಮೀ. ಲೆನ್ಸಿಗೆ 25 ಮೀಟರಿಗಿಂತ ಸ್ವಲ್ಪ ಹೆಚ್ಚು ದೂರ ಬೇಕಾಗುತ್ತದೆ. ಹಾಗಾಗಿ ಕಾರಿನ ಸುತ್ತ ಕ್ಯಾಮೆರಾ ದಾಟಲಾಗದ ಕಾಣದ ಬೇಲಿಯೊಂದನ್ನು ಹಾಕಿರುವ ಗೇಮಿನಲ್ಲಿ ಜೂಮ್ ಸ್ಲೈಡರ್ ಎಷ್ಟೇ ಉದ್ದವಾಗಿದ್ದರೂ, ಬೆಟ್ಟವನ್ನು ಕಾರಿನ ಬೆನ್ನಿಗೇ ಎಳೆದು ತಂದಂತೆ ಕಾಣಿಸುವ ಟೆಲಿಫೋಟೋ ನೋಟ ಸಿಗುವುದಿಲ್ಲ. ಫೋರ್ಜಾ ಹೊರೈಜನ್ ಸರಣಿಯಲ್ಲಿ ಇಂಥ ಬೇಲಿ ಇದೆ, ಮತ್ತು ನನ್ನ ದೃಷ್ಟಿಯಲ್ಲಿ ಅದರ ಫೋಟೋ ಮೋಡಿನ ದೊಡ್ಡ ಕೊರತೆ ಇದೇ.

ಎಲ್ಲ ಗೇಮ್‌ಗಳೂ ಲೆನ್ಸನ್ನು ಮಿ.ಮೀ. ಲೆಕ್ಕದಲ್ಲಿ ಹೇಳುವುದಿಲ್ಲ. ಗ್ರ್ಯಾನ್ ಟೂರಿಸ್ಮೋ ಹೇಳುತ್ತದೆ. ಬೇರೆ ಕಡೆ ಬರೀ ಜೂಮ್ ಎಂಬ ಸ್ಲೈಡರ್ ಇರುತ್ತದೆ. ಆಗ ಚಿತ್ರದಿಂದಲೇ ಅಳೆಯಬೇಕು. ಎರಡೂ ಗೇಮ್‌ಗಳ ಚಿತ್ರಗಳಲ್ಲಿ ಮುಂದಿನ ಚಕ್ರದ ಎತ್ತರವನ್ನು ಹಿಂದಿನ ಚಕ್ರದ ಎತ್ತರದಿಂದ ಭಾಗಿಸಿ. ಕೋನ ಒಂದೇ ಆಗಿದ್ದು ಭಾಗಲಬ್ಧವೂ ಒಂದೇ ಬಂದರೆ ಕ್ಯಾಮೆರಾಗಳು ಕಾರಿನಿಂದ ಒಂದೇ ದೂರದಲ್ಲಿವೆ ಎಂದರ್ಥ, ಮೆನು ಏನೇ ಹೇಳಲಿ.

ಇದೇ ಹಂತದಲ್ಲಿ ಕ್ಯಾಮೆರಾ ಎಷ್ಟು ಕೆಳಗೆ ಇಳಿಯುತ್ತದೆ, ಎಷ್ಟು ಮೇಲೆ ಏರುತ್ತದೆ, ಪಕ್ಕಕ್ಕೆ ಎಷ್ಟು ಓರೆಯಾಗುತ್ತದೆ, ಗೋಡೆಗೋ ಮರಕ್ಕೋ ತಾಗಿದಾಗ ನಿಲ್ಲುತ್ತದೆಯೇ ತೂರಿಹೋಗುತ್ತದೆಯೇ ಎಂಬುದನ್ನೂ ಗುರುತಿಸಿ. ಕಾರಿನ ಚಿತ್ರಗಳಲ್ಲಿ ಹೆಡ್‌ಲೈಟಿನ ಮಟ್ಟಕ್ಕಿಂತ ಕೆಳಗಿನ ಎತ್ತರಕ್ಕೆ ಬಹಳ ಬೆಲೆಯಿದೆ. ಕ್ಯಾಮೆರಾ ಮೊಣಕಾಲಿನ ಮಟ್ಟಕ್ಕಿಂತ ಕೆಳಗೆ ಬರದ ಗೇಮಿನಲ್ಲಿ ಯಾವ ಕಾರೂ ಗಂಭೀರವಾಗಿ ಕಾಣದು.

ಎರಡನೆಯ ಚಿತ್ರ: ಫೋಕಸ್

ಹಿನ್ನೆಲೆಯನ್ನು ಮಸುಕು ಮಾಡುವ ಸೌಲಭ್ಯ ಎಲ್ಲ ಕಡೆಯೂ ಇದೆ. ಆದ್ದರಿಂದ ಅದು ಇದೆಯೇ ಎಂದು ನೋಡದೆ, ಅದು ಲೆನ್ಸಿನಂತೆ ವರ್ತಿಸುತ್ತದೆಯೇ ಎಂದು ನೋಡಬೇಕು.

ನಿಜವಾದ 50 ಮಿ.ಮೀ. ಲೆನ್ಸನ್ನು ಎಫ್ 2.8ರಲ್ಲಿಟ್ಟು (ಎಫ್ ಅಂಕಿ ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಎಂದು ಹೇಳುತ್ತದೆ; ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) 6.4 ಮೀಟರ್ ದೂರದ ಬಿಂದುವಿನ ಮೇಲೆ ಫೋಕಸ್ ಮಾಡಿದರೆ ಸುಮಾರು 5.3 ಮೀಟರಿನಿಂದ 8.1 ಮೀಟರಿನವರೆಗೆ ಸ್ಪಷ್ಟವಾಗಿರುತ್ತದೆ. ಅಂದರೆ ಮೂಲೆಯ ಕೋನದಿಂದ ನೋಡಿದಾಗ ಕಾರಿನ ಮುಂದಿನ ಅರ್ಧಕ್ಕಿಂತ ಹೆಚ್ಚು ಭಾಗ ಚೂಪಾಗಿದ್ದು, ಹಿಂಬದಿ ಮೆಲ್ಲಗೆ ಮೃದುವಾಗುತ್ತದೆ. ಅದೇ ಲೆನ್ಸನ್ನು ಎಫ್ 1.4ಕ್ಕೆ ತೆರೆದರೆ ಸ್ಪಷ್ಟವಾಗಿರುವ ಆಳ 1.4 ಮೀಟರಿನಷ್ಟಕ್ಕೆ ಇಳಿಯುತ್ತದೆ. ಇದಕ್ಕಿಂತ ತೆಳುವಾಗಿ, ಹೆಡ್‌ಲೈಟ್ ಮಾತ್ರ ಚೂಪಾಗಿದ್ದು ಬಾಗಿಲಿನ ಹೊತ್ತಿಗೆ ಎಲ್ಲ ಕರಗಿಹೋಗಿದ್ದರೆ, ನೋಡುವವರ ಕಣ್ಣು ಅದನ್ನು ಮೇಜಿನ ಮೇಲಿಟ್ಟ ಆಟಿಕೆ ಕಾರು ಎಂದೇ ಓದುತ್ತದೆ. ಬಹಳಷ್ಟು ಗೇಮ್‌ಗಳ ಪೂರ್ವನಿಗದಿತ ಮಸುಕು ಈ ಅತಿರೇಕಕ್ಕೆ ಹೋಗುತ್ತದೆ. ಸ್ಲೈಡರಿನ ಕನಿಷ್ಠ ಮತ್ತು ಗರಿಷ್ಠದ ನಡುವೆ ನಿಜ ಲೆನ್ಸಿಗೆ ಹತ್ತಿರವಾದ ಬಿಂದುವೊಂದು ಸಿಗುತ್ತದೆಯೇ ಎಂದು ಹುಡುಕಿ.

ಬಳಿಕ ಚಿತ್ರವನ್ನು ಪೂರ್ಣ ಗಾತ್ರದಲ್ಲಿ ತೆರೆದು ಮೂರು ಕಡೆ ಕಣ್ಣಿಡಿ. ಕಾರಿನ ಛಾವಣಿಯ ಅಂಚು ಹಿನ್ನೆಲೆಯನ್ನು ಕೂಡುವಲ್ಲಿ ಬೆಳಕಿನ ಪ್ರಭಾವಲಯ ಕಾಣುತ್ತದೆಯೇ? ಕಿಟಕಿಯ ಗಾಜಿನ ಮೂಲಕ ಕಾಣುವ ಹಿನ್ನೆಲೆ ಹೊರಗಿನ ಹಿನ್ನೆಲೆಯಷ್ಟೇ ಮಸುಕಾಗಿದೆಯೇ, ಅಥವಾ ಗಾಜು ಫೋಕಸಿನಲ್ಲಿದೆ ಎಂಬ ಕಾರಣಕ್ಕೆ ಅದರ ಹಿಂದಿನದೆಲ್ಲ ಚೂಪಾಗಿಯೇ ಉಳಿದಿದೆಯೇ? ಆಂಟೆನಾ, ಬೇಲಿಯ ತಂತಿ, ಎಲೆಗಳಂಥ ತೆಳುವಾದ ವಸ್ತುಗಳು ಅರ್ಧಂಬರ್ಧ ಮಾಯವಾಗಿವೆಯೇ? ಮುಗಿದ ಚಿತ್ರದ ಮೇಲೆ ಆಳದ ನಕ್ಷೆಯನ್ನು ಆಧರಿಸಿ ಮಸುಕನ್ನು ಬಳಿಯುವ ವಿಧಾನದಲ್ಲಿ ಈ ದೋಷಗಳು ಸಹಜ, ಏಕೆಂದರೆ ಆ ನಕ್ಷೆಯಲ್ಲಿ ಒಂದು ಪಿಕ್ಸೆಲ್‌ಗೆ ಒಂದೇ ದೂರ ಇರುತ್ತದೆ, ಗಾಜಿನ ಮೂಲಕ ನೋಡುವಾಗಲಾದರೋ ದೂರಗಳು ಎರಡು. ಕ್ಯಾಮೆರಾವನ್ನು ಕೂದಲೆಳೆಯಷ್ಟು ಸರಿಸುತ್ತ ಹಲವು ಸಲ ಚಿತ್ರಿಸಿ ಒಟ್ಟುಗೂಡಿಸುವ ವಿಧಾನದಲ್ಲಿ ಇವು ಕಡಿಮೆ, ಆದರೆ ಪ್ರತಿ ಚಿತ್ರಕ್ಕೂ ಕಾಯಬೇಕಾಗುತ್ತದೆ.

ಮೂರನೆಯ ಚಿತ್ರ: ಪ್ಯಾನಿಂಗ್

ಪ್ಯಾನಿಂಗ್ ಎಂದರೆ ಓಡುವ ಕಾರಿನ ಜೊತೆ ಕ್ಯಾಮೆರಾವನ್ನು ತಿರುಗಿಸುತ್ತ ಚಿತ್ರ ತೆಗೆಯುವುದು. ಒಂದೇ ಒಂದು ಪರೀಕ್ಷೆಗೆ ಸಮಯವಿದ್ದರೆ ಇದನ್ನೇ ಮಾಡಿ. ವೇಗವನ್ನು ನಿಂತ ಚಿತ್ರದಲ್ಲಿ ತೋರಿಸುವುದು ರೇಸಿಂಗ್ ಛಾಯಾಗ್ರಹಣದ ಮೂಲ ಕಸುಬು, ಮತ್ತು ಫೋಟೋ ಮೋಡ್‌ಗಳ ನಡುವಿನ ಅಂತರ ಅತಿ ಹೆಚ್ಚಾಗಿ ಬಯಲಾಗುವುದೂ ಇಲ್ಲೇ.

ಕಾರನ್ನು ನೇರ ರಸ್ತೆಯಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಓಡಿಸಿ, ಪಕ್ಕದಿಂದ, ಸುಮಾರು 10 ಮೀಟರ್ ದೂರದಿಂದ ಚಿತ್ರ ತೆಗೆಯಿರಿ. ಶಟರ್ ಸ್ಪೀಡ್, ಅಂದರೆ ಚಿತ್ರಕ್ಕಾಗಿ ಕ್ಯಾಮೆರಾ ಬೆಳಕನ್ನು ಒಳಬಿಡುವ ಸಮಯ, ಅಂಕಿಯಲ್ಲಿ ತೋರಿಸುವ ಗೇಮಿನಲ್ಲಿ 1/60 ಸೆಕೆಂಡ್ ಇಡಿ. ಆ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 27.8 ಮೀಟರ್ ಸಾಗುವುದರಿಂದ, 1/60 ಸೆಕೆಂಡಿನಲ್ಲಿ 46 ಸೆಂ.ಮೀ. ಮುಂದೆ ಹೋಗಿರುತ್ತದೆ. ಸುತ್ತಳತೆ 2 ಮೀಟರ್ ಇರುವ ಚಕ್ರ ಅಷ್ಟರಲ್ಲಿ 80 ಡಿಗ್ರಿಗಿಂತ ತುಸು ಹೆಚ್ಚು ತಿರುಗಿರುತ್ತದೆ. ಆರ್34ರ ಚಕ್ರದಲ್ಲಿ ಆರು ಕಡ್ಡಿಗಳು, ಅಂದರೆ ಒಂದರಿಂದ ಇನ್ನೊಂದಕ್ಕೆ 60 ಡಿಗ್ರಿ. ಹೀಗಾಗಿ 1/60ರಲ್ಲಿ ಕಡ್ಡಿಗಳು ಒಂದರೊಳಗೊಂದು ಬೆರೆತು ತಟ್ಟೆಯಂತಾಗಬೇಕು. 1/1000ಕ್ಕೆ ಏರಿಸಿದಾಗ ಚಕ್ರ ಬರೀ 5 ಡಿಗ್ರಿ ತಿರುಗುವುದರಿಂದ ಕಡ್ಡಿಗಳು ಬಿಡಿಬಿಡಿಯಾಗಿ, ಬಹುತೇಕ ನಿಂತಂತೆ ಕಾಣಬೇಕು. ಎರಡೂ ಕಡೆ ಒಂದೇ ಥರದ ಮಸುಕು ಕಂಡರೆ ಆ ಗೇಮ್ ಚಕ್ರಕ್ಕೆ ಮೊದಲೇ ತಯಾರಿಸಿದ ಮಸುಕಿನ ಚಿತ್ರವನ್ನು ಅಂಟಿಸುತ್ತಿದೆ ಎಂದೂ, ಶಟರ್ ಸ್ಲೈಡರಿಗೂ ಚಕ್ರಕ್ಕೂ ಸಂಬಂಧವಿಲ್ಲವೆಂದೂ ತಿಳಿಯಿರಿ.

ಈಗ ಹಿನ್ನೆಲೆಯನ್ನು ನೋಡಿ. ರಸ್ತೆಬದಿಯಲ್ಲಿ ನಿಂತ ಛಾಯಾಗ್ರಾಹಕ ತಾನಿರುವಲ್ಲೇ ಇದ್ದು ಕ್ಯಾಮೆರಾವನ್ನು ಕಾರಿನ ಜೊತೆ ತಿರುಗಿಸುತ್ತಾನೆ. ಕ್ಯಾಮೆರಾ ತಿರುಗುತ್ತದೆಯೇ ಹೊರತು ಸಾಗುವುದಿಲ್ಲ. ಆದ್ದರಿಂದ ನಿಶ್ಚಲವಾಗಿರುವ ಎಲ್ಲವೂ, ಹತ್ತಿರದ ಬೇಲಿಯೂ ದೂರದ ಬೆಟ್ಟವೂ ಆಕಾಶದ ಮೋಡವೂ, ಚಿತ್ರದಲ್ಲಿ ಹೆಚ್ಚುಕಡಿಮೆ ಒಂದೇ ಉದ್ದಕ್ಕೆ ಎಳೆದುಕೊಳ್ಳುತ್ತವೆ. 10 ಮೀಟರ್ ದೂರದಿಂದ 50 ಮಿ.ಮೀ. ಲೆನ್ಸಿನಲ್ಲಿ ತೆಗೆದ, 3840 ಪಿಕ್ಸೆಲ್ ಅಗಲದ 4ಕೆ ಚಿತ್ರದಲ್ಲಿ ಈ ಎಳೆತ ಸುಮಾರು 245 ಪಿಕ್ಸೆಲ್ ಬರಬೇಕು. ಕ್ಯಾಮೆರಾ ಕಾರಿನ ಪಕ್ಕದಲ್ಲೇ ಇನ್ನೊಂದು ವಾಹನದಲ್ಲಿ ಸಾಗುತ್ತಿದ್ದರೆ ಕಥೆಯೇ ಬೇರೆ. ಆಗ ಹತ್ತಿರದ ರಸ್ತೆ ಬಹಳ ಮಸುಕಾಗುತ್ತದೆ, ಮಧ್ಯದ ಮರಗಳು ಕಡಿಮೆ ಮಸುಕಾಗುತ್ತವೆ, ದೂರದ ಬೆಟ್ಟ ಚೂಪಾಗಿಯೇ ಉಳಿಯುತ್ತದೆ. ಎರಡೂ ಸರಿಯಾದ ಚಿತ್ರಗಳೇ, ಆದರೆ ಎರಡು ಬೇರೆ ಚಿತ್ರಗಳು. ಗೇಮ್ ಯಾವುದನ್ನು ಕೊಡುತ್ತಿದೆ ಎಂಬುದನ್ನು ಬೆಟ್ಟ ಮತ್ತು ಮೋಡಗಳನ್ನು ನೋಡಿ ತಕ್ಷಣ ಹೇಳಬಹುದು. ಗ್ರ್ಯಾನ್ ಟೂರಿಸ್ಮೋದಲ್ಲಿ ಪ್ಯಾನಿಂಗ್ ಎಂಬುದೇ ಪ್ರತ್ಯೇಕ ಆಯ್ಕೆಯಾಗಿದ್ದು, ಶಟರ್ ಸ್ಪೀಡನ್ನು ನಿಜ ಕ್ಯಾಮೆರಾದಂತೆ ಸೆಕೆಂಡಿನ ಭಾಗಗಳಲ್ಲಿ ಹೇಳುತ್ತದೆ. ಈ ವಿಭಾಗದಲ್ಲಿ ಅದಕ್ಕೆ ಸಾಟಿಯಿಲ್ಲ ಎಂಬುದು ನನ್ನ ಅಭಿಪ್ರಾಯ.

ನಿಜವಾದ ಪ್ಯಾನಿಂಗ್ ಚಿತ್ರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಾರು ಹಾದುಹೋಗುವಾಗ ಕ್ಯಾಮೆರಾದ ಎದುರು ಅದರ ಕೋನ ಬದಲಾಗುತ್ತಲೇ ಇರುವುದರಿಂದ, ನೀವು ಗುರಿಯಿಟ್ಟ ಭಾಗ ಮಾತ್ರ ಪೂರ್ತಿ ಚೂಪಾಗಿದ್ದು ಮೂತಿಯೋ ಬಾಲವೋ ಸ್ವಲ್ಪ ಅದುರಿದಂತೆ ಕಾಣುತ್ತದೆ. ಕಾರು ತುದಿಯಿಂದ ತುದಿಯವರೆಗೆ ಕತ್ತರಿಸಿ ಅಂಟಿಸಿದಷ್ಟು ಚೂಪಾಗಿದ್ದರೆ ಚಿತ್ರ ಕೃತಕವೆನಿಸುವುದು ಇದರಿಂದಲೇ, ನೋಡುವವರಿಗೆ ಕಾರಣ ಹೇಳಲು ಬಾರದಿದ್ದರೂ.

ಶಟರ್ ಸ್ಪೀಡನ್ನು ಬರೀ ಶೇಕಡಾವಾರಿನಲ್ಲೋ ಹೆಸರಿಲ್ಲದ ಸ್ಲೈಡರಿನಲ್ಲೋ ಕೊಡುವ ಗೇಮ್‌ಗಳಲ್ಲಿ, ಮಸುಕಿನ ಗೆರೆಯೊಂದರ ಉದ್ದವನ್ನು ಪಿಕ್ಸೆಲ್‌ಗಳಲ್ಲಿ ಅಳೆದು, ಮೇಲಿನ ಲೆಕ್ಕವನ್ನು ತಿರುಗಿಸಿ ಹಾಕಿದರೆ ಆ ಸ್ಥಾನ ಯಾವ ಶಟರಿಗೆ ಸಮ ಎಂದು ತಿಳಿಯುತ್ತದೆ. ಸ್ವಲ್ಪ ಪಿರಿಪಿರಿಯ ಕೆಲಸ, ಆದರೆ ಒಮ್ಮೆ ಮಾಡಿಟ್ಟರೆ ಆ ಗೇಮಿಗೆ ಅದು ಶಾಶ್ವತ ಕೋಷ್ಟಕವಾಗುತ್ತದೆ.

ನಾಲ್ಕನೆಯ ಚಿತ್ರ: ರಾತ್ರಿ ಮತ್ತು ಒದ್ದೆ ರಸ್ತೆ

ಮಳೆ ಬಿದ್ದ ರಸ್ತೆಯ ಮೇಲೆ ಕಾರಿನ ಹಿಂದಿನ ಕೆಂಪು ದೀಪಗಳ ಪ್ರತಿಬಿಂಬ ಕಾಣುವಂತೆ ಕ್ಯಾಮೆರಾವನ್ನು ಕೆಳಗಿಳಿಸಿ. ಬಳಿಕ ಕ್ಯಾಮೆರಾವನ್ನು ನಿಧಾನವಾಗಿ ಕೆಳಮುಖವಾಗಿ ಬಾಗಿಸುತ್ತ, ದೀಪಗಳು ಚೌಕಟ್ಟಿನಿಂದ ಹೊರಹೋಗಿ ಪ್ರತಿಬಿಂಬ ಮಾತ್ರ ಉಳಿಯುವಂತೆ ಮಾಡಿ. ದೀಪ ಚೌಕಟ್ಟು ದಾಟಿದ ಕೂಡಲೇ ಪ್ರತಿಬಿಂಬವೂ ಮಾಯವಾದರೆ, ಗೇಮ್ ಪರದೆಯ ಮೇಲೆ ಆಗಲೇ ಇರುವ ಚಿತ್ರದಿಂದಲೇ ಪ್ರತಿಬಿಂಬವನ್ನು ಕಟ್ಟುತ್ತಿದೆ ಎಂದರ್ಥ. ಉಳಿದುಕೊಂಡರೆ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿಯನ್ನು ಲೆಕ್ಕಹಾಕಿ ಚಿತ್ರಿಸುವ ವಿಧಾನ) ಅಥವಾ ಅದಕ್ಕೆ ಸಮನಾದ ವಿಧಾನ ಕೆಲಸ ಮಾಡುತ್ತಿದೆ. ಹಗಲಿನಲ್ಲಿ ಇದೇ ಪರೀಕ್ಷೆಗೆ ಬಾಗಿಲಿನ ಮೇಲೆ ಪಕ್ಕದ ಕನ್ನಡಿಯ ಪ್ರತಿಬಿಂಬ ಬೀಳುತ್ತದೆಯೇ ಎಂದು ನೋಡಬಹುದು. ಪ್ಲೇಸ್ಟೇಷನ್ 5ರಲ್ಲಿ ಗ್ರ್ಯಾನ್ ಟೂರಿಸ್ಮೋ 7 ರೀಪ್ಲೇ ಮತ್ತು ಫೋಟೋಗಳಲ್ಲಿ ರೇ ಟ್ರೇಸಿಂಗ್ ಬಳಸುತ್ತದೆ. ಫೋರ್ಜಾ ಹೊರೈಜನ್ 5 ಬಿಡುಗಡೆಯಾದಾಗ ಕಾರನ್ನು ಸುತ್ತಿ ನೋಡುವ ಫೋರ್ಜಾವಿಸ್ಟಾದಲ್ಲಿ ಮಾತ್ರ ಅದು ಇತ್ತು, ಕಂಪ್ಯೂಟರ್ ಆವೃತ್ತಿಗೆ ನಂತರದ ಅಪ್‌ಡೇಟ್‌ನಲ್ಲಿ ವಿಸ್ತರಣೆಯಾಯಿತು.

ಕತ್ತಲೆಯ ಭಾಗಗಳಲ್ಲಿ ಪಟ್ಟಿಪಟ್ಟಿಯಾದ ಬಣ್ಣವಿದೆಯೇ, ಎಕ್ಸ್‌ಪೋಷರ್ (ಚಿತ್ರದ ಒಟ್ಟು ಬೆಳಕು) ಏರಿಸಿದಾಗ ಅಲ್ಲಿ ವಿವರ ಹೊರಬರುತ್ತದೆಯೇ ಅಥವಾ ಬೂದು ಬಣ್ಣ ಮಾತ್ರವೇ ಎಂಬುದನ್ನೂ ಗಮನಿಸಿ.

ಕ್ಷಣ ಸಿಗುವ ಬಗೆ

ಚಿತ್ರದ ಗುಣಕ್ಕೆ ಹೊರತಾದ, ಆದರೆ ದಿನನಿತ್ಯದ ಬಳಕೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ವಿಷಯವಿದು. ಆಟದಿಂದ ಫೋಟೋ ಮೋಡಿಗೆ ಹೋಗಲು ಎಷ್ಟು ಬಟನ್ ಒತ್ತಬೇಕು? ಹೋದ ಮೇಲೆ ಕ್ಷಣವನ್ನು ಹಿಂದೆಮುಂದೆ ಸರಿಸಬಹುದೇ? ಹೊರಬಂದು ಮತ್ತೆ ಹೋದಾಗ ಸೆಟ್ಟಿಂಗ್‌ಗಳು ಉಳಿದಿವೆಯೇ, ಅಥವಾ ಎಲ್ಲವನ್ನೂ ಮೊದಲಿನಿಂದ ಹೊಂದಿಸಬೇಕೇ? ಕ್ಯಾಮೆರಾದ ಚಲನೆಯ ವೇಗವನ್ನು ತಗ್ಗಿಸಬಹುದೇ? ಕೊನೆಯದು ಅಲ್ಪವೆನಿಸಬಹುದು, ಆದರೆ ಉದ್ದ ಲೆನ್ಸಿನಲ್ಲಿ ಸ್ಟಿಕ್ಕನ್ನು ಮುಟ್ಟಿದರೆ ಸಾಕು ಕಾರೇ ಚೌಕಟ್ಟಿನಿಂದ ಹಾರಿಹೋಗುವ ಗೇಮಿನಲ್ಲಿ ತಾಳ್ಮೆ ಬೇಗ ಕರಗುತ್ತದೆ.

ಒಂದು ಡ್ರಿಫ್ಟ್, ಅಂದರೆ ತಿರುವಿನಲ್ಲಿ ಕಾರು ಅಡ್ಡಡ್ಡಲಾಗಿ ಜಾರುವ ಕ್ಷಣ, ಆರಿಸಿಕೊಳ್ಳಿ: ಹಿಂದಿನ ಚಕ್ರದಿಂದ ಹೊಗೆ ಏಳುತ್ತಿರಬೇಕು, ಮುಂದಿನ ಚಕ್ರಗಳು ವಿರುದ್ಧ ದಿಕ್ಕಿಗೆ ತಿರುಗಿರಬೇಕು. ಈ ಚಿತ್ರವನ್ನು ಪ್ರತಿ ಗೇಮಿನಿಂದಲೂ ಕೇಳಿ. ರೀಪ್ಲೇ ಇರುವಲ್ಲಿ ಇದು ಆಯ್ಕೆಯ ಪ್ರಶ್ನೆ, ಇಲ್ಲದಿರುವಲ್ಲಿ ಬೆರಳಿನ ಚುರುಕಿನ ಪ್ರಶ್ನೆ. ಆದರೆ ರಸ್ತೆಯಲ್ಲಿ ಹೋಗುತ್ತ ಇದ್ದಕ್ಕಿದ್ದಂತೆ ಕಂಡ ನೋಟವನ್ನು ಅಲ್ಲೇ ಹಿಡಿಯುವ ಸುಖ ನಿಲ್ಲಿಸಿ ತೆಗೆಯುವ ಬಗೆಯಲ್ಲಿ ಮಾತ್ರ ಇದೆ. ಆ ಕಾರಣಕ್ಕೇ, ಲೆನ್ಸಿನ ವಿಷಯದಲ್ಲಿ ಹಿಂದಿದ್ದರೂ, ಫೋರ್ಜಾ ಹೊರೈಜನ್‌ನಲ್ಲಿ ಜನ ಹೆಚ್ಚು ಚಿತ್ರ ತೆಗೆಯಲು ಒಲಿಯುವುದು ಆಶ್ಚರ್ಯವಲ್ಲ. ಪ್ರತಿ ಕಾರಿನ ಚಿತ್ರ ತೆಗೆದುದಕ್ಕೆ ಬಹುಮಾನ ಕೊಡುವ ಹೊರೈಜನ್ ಪ್ರೋಮೋ ಅದಕ್ಕೆ ಇನ್ನಷ್ಟು ಕುಮ್ಮಕ್ಕು ಕೊಡುತ್ತದೆ.

ಆನ್‌ಲೈನ್ ಓಟದ ನಡುವೆ ಬೇರೆ ಆಟಗಾರರ ಕಾಲವನ್ನು ಯಾವ ಗೇಮೂ ನಿಲ್ಲಿಸಲಾರದು. ಹೋಲಿಕೆಯ ಚಿತ್ರಗಳನ್ನೆಲ್ಲ ಆಫ್‌ಲೈನಿನಲ್ಲೇ ತೆಗೆಯಿರಿ.

ಕಡತವನ್ನು ಹೊರತರುವುದು

ಪ್ಲೇಸ್ಟೇಷನ್ 5ರ ಸ್ಕ್ರೀನ್‌ಶಾಟ್ ಸೆಟ್ಟಿಂಗ್‌ನಲ್ಲಿ ಜೆಪೆಗ್ ಅಥವಾ ಪಿಎನ್‌ಜಿ ಆರಿಸಬಹುದು. ಹೋಲಿಕೆಗೆ ಪಿಎನ್‌ಜಿ ಇಡಿ. ಗೇಮಿನೊಳಗಿನ ಗ್ಯಾಲರಿಯಲ್ಲಿ ಉಳಿಸಿದ ಚಿತ್ರಕ್ಕೂ ಕಂಟ್ರೋಲರಿನ ಬಟನ್ ಒತ್ತಿ ತೆಗೆದ ಸ್ಕ್ರೀನ್‌ಶಾಟಿಗೂ ವ್ಯತ್ಯಾಸ ಇರಬಹುದಾದ್ದರಿಂದ, ಒಂದೇ ಚೌಕಟ್ಟನ್ನು ಎರಡೂ ರೀತಿಯಲ್ಲಿ ಉಳಿಸಿ ಅಕ್ಕಪಕ್ಕ ನೋಡಿ. ಕೆಲವು ಗೇಮ್‌ಗಳು ಚಿತ್ರ ಉಳಿಸುವ ಹೊತ್ತಿನಲ್ಲಿ ಮಾತ್ರ ಹೆಚ್ಚಿನ ಗುಣಮಟ್ಟದಲ್ಲಿ ಮತ್ತೊಮ್ಮೆ ಚಿತ್ರಿಸುತ್ತವೆ, ಪರದೆಯ ಮೇಲೆ ಕಂಡದ್ದು ಬರೀ ಮುನ್ನೋಟ. ಸ್ಟೀಮ್‌ನಲ್ಲಿ ಎಫ್12 ಒತ್ತಿ ತೆಗೆಯುವವರು ಕುಗ್ಗಿಸದ ಪ್ರತಿಯನ್ನೂ ಉಳಿಸುವ ಆಯ್ಕೆಯನ್ನು ಚಾಲೂ ಮಾಡಿಕೊಳ್ಳಬೇಕು. ಸಾಮಾಜಿಕ ಜಾಲತಾಣಕ್ಕೋ ಮೆಸೇಜಿಂಗ್ ಆ್ಯಪಿಗೋ ಹೋಗಿಬಂದ ಚಿತ್ರವನ್ನು ಎಂದೂ ಹೋಲಿಕೆಗೆ ಬಳಸಬೇಡಿ. ಅಲ್ಲಿ ಆಗುವ ಕುಗ್ಗುವಿಕೆಯಲ್ಲಿ ಮೊದಲು ಸಾಯುವುದೇ ರಸ್ತೆಯ ಮಸುಕು ಮತ್ತು ರಾತ್ರಿಯ ಕತ್ತಲೆಯ ನವಿರು, ಅಂದರೆ ನೀವು ಅಳೆಯಲು ಹೊರಟ ವಸ್ತುಗಳೇ.

ತೀರ್ಪು ಕೊಡುವುದು

ಎಲ್ಲ ಚಿತ್ರಗಳೂ ಸಿದ್ಧವಾದ ಮೇಲೆ ಗೇಮಿನ ಹೆಸರು ಗೊತ್ತಾಗದಂತೆ ಕಡತಗಳಿಗೆ ಬೇರೆ ಹೆಸರಿಡಲು ಯಾರಿಗಾದರೂ ಹೇಳಿ, ಬಳಿಕ ಅಂಕ ಹಾಕಿ. ಹಿನ್ನೆಲೆಯಿಂದ ಗೇಮ್ ಯಾವುದೆಂದು ಊಹಿಸಲು ಸಾಧ್ಯವಿರುತ್ತದೆ ನಿಜ. ಆದರೂ ಕಾರಿನ ಅಂಚು, ಚಕ್ರ, ಗಾಜುಗಳನ್ನು ಮಾತ್ರ ಕತ್ತರಿಸಿ ದೊಡ್ಡದು ಮಾಡಿ ನೋಡುವಾಗ ಅಭಿಮಾನ ಅಡ್ಡ ಬರುವುದು ಕಡಿಮೆಯಾಗುತ್ತದೆ.

ಅಂಕಗಳ ತೂಕ ನಿಮ್ಮ ಉದ್ದೇಶಕ್ಕೆ ಬಿಟ್ಟದ್ದು. ನಾನು ನೂರರಲ್ಲಿ 40ನ್ನು ಕ್ಯಾಮೆರಾದ ಸ್ವಾತಂತ್ರ್ಯ ಮತ್ತು ಕ್ಷಣ ಸಿಗುವ ಬಗೆಗೆ, 30ನ್ನು ಪ್ಯಾನಿಂಗಿಗೆ, ಉಳಿದುದನ್ನು ಫೋಕಸ್, ಬೆಳಕು ಮತ್ತು ಕಡತಕ್ಕೆ ಹಂಚುತ್ತೇನೆ. ಫಿಲ್ಟರ್, ಫ್ರೇಮ್, ಲೋಗೋಗಳಿಗೆ ಸೊನ್ನೆ, ಏಕೆಂದರೆ ಅವನ್ನು ಚಿತ್ರ ಹೊರತಂದ ಮೇಲೆ ಯಾವ ಎಡಿಟರಿನಲ್ಲಾದರೂ ಹಾಕಬಹುದು. ಸಿಗದ ಕೋನವನ್ನು ಮಾತ್ರ ಯಾವ ಎಡಿಟರೂ ತಂದುಕೊಡದು. ಕಾರಿನ ಬಣ್ಣ ಮತ್ತು ಆಕಾರವನ್ನು ಕ್ಯಾಟಲಾಗಿನಂತೆ ತೋರಿಸುವುದು ನಿಮ್ಮ ಗುರಿಯಾದರೆ ಫೋಕಸ್ ಮತ್ತು ಬೆಳಕಿನ ತೂಕವನ್ನು ಹೆಚ್ಚಿಸಿಕೊಳ್ಳಿ. ಆಗ ಸ್ಕೇಪ್ಸ್‌ನಂಥ ಸ್ಟುಡಿಯೋಗೆ ಎದುರಾಳಿಗಳೇ ಕಡಿಮೆ.

ಪ್ರತಿ ತೀರ್ಪಿನ ಪಕ್ಕದಲ್ಲಿ ಗೇಮಿನ ಆವೃತ್ತಿ ಸಂಖ್ಯೆ, ಯಂತ್ರದ ಹೆಸರು ಮತ್ತು ಚಿತ್ರ ತೆಗೆದ ತಿಂಗಳನ್ನು ಬರೆದಿಡಿ. 2014ರಲ್ಲಿ ಬಂದ ಡ್ರೈವ್‌ಕ್ಲಬ್ ಗೇಮಿನಲ್ಲಿ ಬಿಡುಗಡೆಯ ದಿನ ಫೋಟೋ ಮೋಡೇ ಇರಲಿಲ್ಲ, ಅದು ನಂತರದ ಅಪ್‌ಡೇಟ್‌ನಲ್ಲಿ ಸೇರಿತು. ದೊಡ್ಡ ಅಪ್‌ಡೇಟ್ ಬಂದಾಗ ಎಲ್ಲವನ್ನೂ ಮತ್ತೆ ಮಾಡಬೇಕಾಗಿಲ್ಲ. ಪ್ಯಾನಿಂಗ್ ಚಿತ್ರ ಮತ್ತು ಒದ್ದೆ ರಸ್ತೆಯ ಚಿತ್ರ ಎರಡನ್ನು ಅದೇ ಕಾರು, ಅದೇ ವೇಗ, ಅದೇ ದೂರದಲ್ಲಿ ಮತ್ತೆ ತೆಗೆದು ಹಳೆಯ ಕಡತದ ಪಕ್ಕದಲ್ಲಿಟ್ಟರೆ ಏನು ಬದಲಾಗಿದೆ ಎಂಬುದು ಗೊತ್ತಾಗುತ್ತದೆ.